ಭೇದವನ್ನುಳಿಸಿ ಭಾರವನ್ನಿಳಿಸುವ ವಿದ್ಯೆ

2023ನೆಯ ಇಸವಿಯ ಸೆಪ್ಟೆಂಬರ್ 5ರಂದು ಇಸ್ರೊ ಸಂಸ್ಥೆಯು ಚಂದ್ರನ ದಕ್ಷಿಣ ಧ್ರುವದ ಕಡೆಯಿಂದ ಬಂದ ಒಂದು ಚಿತ್ರವನ್ನು ಲೋಕದ ಮುಂದಿಟ್ಟಿತು. ಬರಿಗಣ್ಣಿನಿಂದ ನೋಡಿದವರಿಗೆ ಅದು ಅಂಚುಗಳಲ್ಲಿ ಕೆಂಪೂ ಹಸಿರುನೀಲಿಯೂ ಕದಡಿಕೊಂಡು, ವಸ್ತುಗಳೆಲ್ಲ ಎರಡೆರಡಾಗಿ ತೋರುವ ಅಸ್ಪಷ್ಟ ಚಿತ್ರವಾಗಿತ್ತು. ಎಡಗಣ್ಣಿಗೆ ಕೆಂಪು ಹಾಳೆಯನ್ನೂ ಬಲಗಣ್ಣಿಗೆ ಹಸಿರುನೀಲಿ ಹಾಳೆಯನ್ನೂ ಅಂಟಿಸಿದ ಕನ್ನಡಕವನ್ನು ಧರಿಸಿ ನೋಡಿದವರಿಗಾದರೋ ವಿಕ್ರಮ್ ಲ್ಯಾಂಡರ್ ಹಾಳೆಯ ಸಮತಲವನ್ನು ಬಿಟ್ಟು ಎದ್ದುನಿಂತಿತು, ಅದರ ಮುಂದಣ ನೆಲ ಹತ್ತಿರಕ್ಕೂ ಹಿಂದಣ ನೆಲ ದೂರಕ್ಕೂ ಸರಿಯಿತು. ಏಕೆಂದರೆ ಅದು ಒಂದು ಚಿತ್ರವಲ್ಲ, ಎರಡು: 26 ಕಿಲೋಗ್ರಾಂ ತೂಕದ ಪ್ರಜ್ಞಾನ್ ರೋವರಿನ ಮೇಲೆ ಅಕ್ಕಪಕ್ಕದಲ್ಲಿ ಕೂಡಿಸಿದ್ದ ನ್ಯಾವ್‌ಕ್ಯಾಮ್ ಎಂಬ ಜೋಡಿ ಕ್ಯಾಮೆರಾಗಳು ತೆಗೆದ ಎಡನೋಟ ಮತ್ತು ಬಲನೋಟಗಳನ್ನು, ಮೊದಲನೆಯದನ್ನು ಕೆಂಪಿನಲ್ಲಿಯೂ ಎರಡನೆಯದನ್ನು ಹಸಿರು ಮತ್ತು ನೀಲಿಗಳಲ್ಲಿಯೂ ಇಟ್ಟು, ಒಂದರ ಮೇಲೊಂದನ್ನು ಹೊಂದಿಸಿ ಮಾಡಿದ ಸಂಯೋಗ.

ಆ ಜೋಡಿ ಕ್ಯಾಮೆರಾಗಳನ್ನು ರೂಪಿಸಿದ ಪ್ರಯೋಗಾಲಯ ನಮ್ಮ ಬೆಂಗಳೂರಿನದೇ. ರಾಜಾಜಿನಗರದಿಂದ ತುಮಕೂರು ರಸ್ತೆಯತ್ತ ಸಾಗಿದರೆ ಸಿಗುವ ಪೀಣ್ಯದ ಕೈಗಾರಿಕಾ ವಸಾಹತಿನಲ್ಲಿ, 1975ರ ಏಪ್ರಿಲ್ 19ರಂದು ಅಂತರಿಕ್ಷಕ್ಕೇರಿದ ಆರ್ಯಭಟ ಉಪಗ್ರಹವು ಸಿದ್ಧಗೊಂಡ ನೆಲದಲ್ಲಿಯೇ, ಇಸ್ರೊದ ಎಲೆಕ್ಟ್ರೊ ಆಪ್ಟಿಕ್ಸ್ ಪ್ರಯೋಗಾಲಯವಿದೆ. ಚಂದ್ರನ ಮೇಲೆ ರೋವರಿಗೆ ದಾರಿ ತೋರಿದ ಎರಡು ಕಣ್ಣುಗಳು ಅಲ್ಲಿಯವು. ಹೀಗೆ ಹಲವು ಕ್ಯಾಮೆರಾಗಳಿಂದ ಒಂದೇ ದೃಶ್ಯವನ್ನು ಹಿಡಿದು, ಅದನ್ನು ದೂರಕ್ಕೆ ಕಳುಹಿಸಿ, ನೋಡುವವನ ಕಣ್ಣಿನಲ್ಲಿ ಮರಳಿ ಆಳವನ್ನು ಹುಟ್ಟಿಸುವ ವಿದ್ಯೆಯು ಇಂದು ಚಲನಚಿತ್ರ, ಶಸ್ತ್ರಚಿಕಿತ್ಸೆ, ಭೂಮಾಪನ, ಕ್ರೀಡೆ ಮೊದಲಾದ ಅನೇಕ ಕ್ಷೇತ್ರಗಳನ್ನು ಪ್ರವೇಶಿಸಿದೆ. ಆದರೆ ಅದರ ಹಿಂದೆ ನಿಂತು ದುಡಿಯುವ, ಕಣ್ಣಿಗೆ ಕಾಣದ ಇನ್ನೊಂದು ವಿದ್ಯೆಯ ವಿಚಾರವನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಎತ್ತಿಲ್ಲ. ಅದು ಸಂಕೋಚನ: ಬೃಹತ್ತಾದ ದೃಶ್ಯರಾಶಿಯನ್ನು, ಅದರ ಸತ್ತ್ವ ಕೆಡದಂತೆ, ಕಿರಿದಾದ ದಾರಿಯಲ್ಲಿ ಸಾಗಿಸತಕ್ಕಷ್ಟಕ್ಕೆ ಇಳಿಸುವ ಕಲೆ. ಅದರ ತಿರುಳನ್ನು ಓದುಗರ ಮುಂದಿಡುವುದೂ, ಅದರಿಂದ ನಮ್ಮ ನಾಡಿಗೆ ಆಗಬಹುದಾದ ಒಂದು ದೊಡ್ಡ ಉಪಕಾರವನ್ನು ಸೂಚಿಸುವುದೂ ಈ ಲೇಖನದ ಉದ್ದೇಶ.

ಎರಡು ಕಣ್ಣುಗಳ ಅಂತರ

ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವುಂಟು. ಈ ಅಲ್ಪವಾದ ಅಂತರದ ದೆಸೆಯಿಂದ ಒಂದೊಂದು ಕಣ್ಣಿಗೂ ಜಗತ್ತು ಒಂದಿಷ್ಟು ಬೇರೆಯಾಗಿ ಕಾಣುತ್ತದೆ. ಹತ್ತಿರದ ವಸ್ತು ಎರಡು ನೋಟಗಳ ನಡುವೆ ಹೆಚ್ಚಾಗಿ ಪಲ್ಲಟಗೊಂಡರೆ ದೂರದ ವಸ್ತು ಕಡಿಮೆ ಪಲ್ಲಟಗೊಳ್ಳುತ್ತದೆ. ಈ ಪಲ್ಲಟದ ತಾರತಮ್ಯವನ್ನೇ ಅಳೆದು ಮೆದುಳು ಆಳದ ಅನುಭವವನ್ನು ಕಟ್ಟಿಕೊಳ್ಳುತ್ತದೆ. ಇದನ್ನು ಪ್ರಯೋಗದಿಂದ ಸಿದ್ಧಪಡಿಸಿ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವನು ಎರಡು ಕನ್ನಡಿಗಳ ಮೂಲಕ ಎರಡು ರೇಖಾಚಿತ್ರಗಳನ್ನು ಎರಡು ಕಣ್ಣುಗಳಿಗೆ ಪ್ರತ್ಯೇಕವಾಗಿ ಉಣಿಸಿ, ಚಪ್ಪಟೆಯಾದ ಹಾಳೆಗಳಿಂದ ಘನಾಕೃತಿಯೊಂದು ಮೂಡುವುದನ್ನು ಕಾಣಿಸಿದನು.

ಈ ತತ್ತ್ವವನ್ನು ಪ್ರತ್ಯಕ್ಷವಾಗಿ ಕಾಣಬೇಕೆನ್ನುವವರು ಕೆಂಗೇರಿಯನ್ನು ಹಾದುಹೋಗುವ ನೇರಳೆ ಮಾರ್ಗದ ಮೆಟ್ರೊ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಸಾಕು. ಜ್ಞಾನಭಾರತಿಯ ಸುತ್ತಿನಲ್ಲಿ ಹಳಿಗೆ ಹತ್ತಿರವಾದ ಮರದ ತಲೆಗಳು ಸರ್ರನೆ ಹಿಂದಕ್ಕೆ ಹೋಗುತ್ತವೆ, ಅವುಗಳಾಚೆಯ ಕಟ್ಟಡಗಳು ನಿಧಾನವಾಗಿ ಜರುಗುತ್ತವೆ, ದಿಗಂತದ ಅಂಚಿನಲ್ಲಿರುವುದು ಸರಿದಂತೆಯೇ ತೋರುವುದಿಲ್ಲ. ರೈಲು ನಮ್ಮ ಕಣ್ಣನ್ನು ಒಂದು ಸ್ಥಾನದಿಂದ ಇನ್ನೊಂದು ಸ್ಥಾನಕ್ಕೆ ಒಯ್ಯುತ್ತಿರುವುದರಿಂದ ಒಂದೇ ಕಣ್ಣಿಗೆ ಅನುಕ್ರಮವಾಗಿ ದೊರೆಯುವ ಈ ನೋಟಗಳನ್ನು, ಅಕ್ಕಪಕ್ಕದಲ್ಲಿ ನಿಂತ ಕ್ಯಾಮೆರಾಗಳು ಏಕಕಾಲದಲ್ಲಿ ಒದಗಿಸುತ್ತವೆ.

ಲೆಕ್ಕದಲ್ಲಿ ಹೇಳುವುದಾದರೆ ಪಲ್ಲಟವು ದೂರಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಕಣ್ಣುಗಳಷ್ಟೇ ಅಂತರದಲ್ಲಿಟ್ಟ ಎರಡು ಕ್ಯಾಮೆರಾಗಳನ್ನು ತೆಗೆದುಕೊಳ್ಳೋಣ; ಅವುಗಳ ನಾಭಿದೂರ ಒಂದು ಸಾವಿರ ಪಿಕ್ಸೆಲ್‌ಗಳಿಗೆ ಸಮನಾಗಿರಲಿ. ಆಗ ಎರಡು ಮೀಟರ್ ದೂರದ ಮುಖವೊಂದು ಎರಡು ನೋಟಗಳ ನಡುವೆ 32 ಪಿಕ್ಸೆಲ್‌ಗಳಷ್ಟು ಸರಿದಿರುತ್ತದೆ, ಇಪ್ಪತ್ತು ಮೀಟರ್ ದೂರದ ಮರ ಮೂರು ಪಿಕ್ಸೆಲ್‌ಗಳಷ್ಟು ಮಾತ್ರ ಸರಿದಿರುತ್ತದೆ, ಇನ್ನೂರು ಮೀಟರ್ ದೂರದ ಗೋಪುರವೋ ಪಿಕ್ಸೆಲ್ಲಿನ ಮೂರರಲ್ಲಿ ಒಂದು ಪಾಲನ್ನೂ ದಾಟಿ ಹೋಗಿರುವುದಿಲ್ಲ. ಮೂರನೆಯ ಆಯಾಮವೆಂದು ನಾವು ಬೆರಗಿನಿಂದ ಕರೆಯುವ ಸಮಸ್ತವೂ ಇಷ್ಟು ಸೂಕ್ಷ್ಮವಾದ ಭೇದದಲ್ಲಿ ಅಡಗಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿವರಣೆಯೆಲ್ಲ ಇದರ ಸುತ್ತಲೇ ನಡೆಯುತ್ತದೆ.

ಹೊರೆಯ ಪ್ರಮಾಣ

ಕನ್ನಡಕ ಧರಿಸಿ ನೋಡುವ ತ್ರೀಡಿ ಚಿತ್ರಕ್ಕೆ ಎರಡು ನೋಟಗಳು ಸಾಕು. ಮಲಯಾಳಂ ಭಾಷೆಯಲ್ಲಿ 1984ರಲ್ಲಿ ಬಂದ, ಭಾರತದ ಮೊದಲ ತ್ರೀಡಿ ಚಿತ್ರವೆಂದು ಖ್ಯಾತವಾದ ‘ಮೈ ಡಿಯರ್ ಕುಟ್ಟಿಚಾತ್ತನ್’ ಮೊದಲ್ಗೊಂಡು, ಕನ್ನಡದಲ್ಲಿ 2012ರ ‘ಕಠಾರಿವೀರ ಸುರಸುಂದರಾಂಗಿ’ ಮತ್ತು 2022ರ ‘ವಿಕ್ರಾಂತ್ ರೋಣ’ ಚಿತ್ರಗಳವರೆಗೆ, ರಾಜಾಜಿನಗರದವರೂ ವಿಜಯನಗರದವರೂ ಕನ್ನಡಕ ಹಾಕಿಕೊಂಡು ನೋಡಿದ್ದು ಇಂಥ ಜೋಡಿ ನೋಟಗಳನ್ನೇ. ಆದರೆ ಪ್ರೇಕ್ಷಕನು ತಲೆಯನ್ನು ಪಕ್ಕಕ್ಕೆ ಸರಿಸಿದಾಗ ಕಂಬದ ಮರೆಯಲ್ಲಿದ್ದವನು ಕಾಣಬೇಕು, ತಾನು ಬಯಸಿದ ದಿಕ್ಕಿನಿಂದ ದೃಶ್ಯವನ್ನು ನೋಡುವಂತಾಗಬೇಕು ಎಂದರೆ ಎರಡು ಕ್ಯಾಮೆರಾಗಳು ಸಾಲವು. ಎಂಟು, ಹದಿನಾರು, ಇನ್ನೂ ಹೆಚ್ಚು ಬೇಕಾಗುತ್ತವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ಮಸಾಯುಕಿ ತಾನಿಮೋಟೋ ಅವರ ಬಳಗವು ಇದಕ್ಕಾಗಿ ನೂರು ಕ್ಯಾಮೆರಾಗಳ ಸಾಲನ್ನೇ ನಿಲ್ಲಿಸಿ ಪ್ರಯೋಗ ನಡೆಸಿತು.

ಈಗ ಹೊರೆಯನ್ನು ಗುಣಿಸಿ ನೋಡೋಣ. ನಮ್ಮ ಮನೆಯ ಟೀವಿಯಲ್ಲಿ ಬರುವ ಫುಲ್ ಎಚ್‌ಡಿ ಚಿತ್ರದ ಒಂದು ಫ್ರೇಮಿನಲ್ಲಿ 1,920ರಿಂದ 1,080ನ್ನು ಗುಣಿಸಿದಷ್ಟು, ಅಂದರೆ 20,73,600 ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 25 ಫ್ರೇಮ್‌ಗಳಂತೆ ಲೆಕ್ಕ ಹಾಕಿದರೆ ಒಂದೇ ಕ್ಯಾಮೆರಾ ಸೆಕೆಂಡೊಂದಕ್ಕೆ ಸುಮಾರು 124 ಕೋಟಿ ಬಿಟ್‌ಗಳನ್ನು ಸುರಿಯುತ್ತದೆ. ಎಂಟು ಕ್ಯಾಮೆರಾಗಳಾದರೆ ಅದು ಸಾವಿರ ಕೋಟಿಯ ಸಮೀಪಕ್ಕೆ ಬರುತ್ತದೆ. ಬಸವೇಶ್ವರನಗರದ ಒಂದು ಮನೆಗೆ ನೂರು ಮೆಗಾಬಿಟ್ಟಿನ ಫೈಬರ್ ಸಂಪರ್ಕವಿದೆಯೆಂದು ಭಾವಿಸಿದರೆ, ಅಂಥ ನೂರು ಮನೆಗಳ ಸಂಪರ್ಕವನ್ನು ಒಟ್ಟುಗೂಡಿಸಿದರೂ ಈ ಎಂಟು ಕ್ಯಾಮೆರಾಗಳ ಹರಿವು ಕಷ್ಟದಿಂದ ಹಿಡಿದೀತು. ಎರಡು ಗಂಟೆಗಳ ಪ್ರದರ್ಶನವನ್ನು ಒಂದು ಕ್ಯಾಮೆರಾದಿಂದ ಹೀಗೆಯೇ ಕೂಡಿಟ್ಟರೆ ಒಂದು ಟೆರಾಬೈಟ್ ಮೀರುತ್ತದೆ. ಆದುದರಿಂದ ಸಂಕೋಚನವಿಲ್ಲದೆ ಬಹುನೋಟದ ವಿಡಿಯೊ ಎಂಬುದು ಪ್ರಯೋಗಾಲಯದ ಗೋಡೆಯನ್ನು ದಾಟಲಾರದು.

ಬೆಂಗಳೂರಿನವರೊಬ್ಬರ ಕೊಡುಗೆ

ಸಂಕೋಚನದ ಮೊದಲ ಹೆಜ್ಜೆಗೆ ತಳಹದಿಯನ್ನು ಹಾಕಿದವರು ಬೆಂಗಳೂರಿನಲ್ಲಿ ಹುಟ್ಟಿದವರೆಂಬುದು ನಾವು ಅಭಿಮಾನದಿಂದ ತಿಳಿದಿರಬೇಕಾದ ಸಂಗತಿ. ನಾಸಿರ್ ಅಹಮದ್ ಅವರು 1940ರಲ್ಲಿ ಈ ನಗರದಲ್ಲಿ ಜನಿಸಿ, ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಕೆ.ಆರ್. ವೃತ್ತದ ಬಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಅಲ್ಲಿಂದ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಮುಗಿಸಿ, ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರವನ್ನು ಕೋಸೈನ್ ಅಲೆಗಳ ಮೊತ್ತವಾಗಿ ಬಿಡಿಸಿದರೆ ಅದರ ಸತ್ತ್ವವೆಲ್ಲ ಕೆಲವೇ ಅಲೆಗಳಲ್ಲಿ ಬಂದು ನೆಲೆಸುತ್ತದೆಂದು 1972ರಲ್ಲಿ ಅವರಿಗೆ ಹೊಳೆಯಿತು. ಅದರ ಸಂಶೋಧನೆಗೆ ಧನಸಹಾಯ ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದ ಅರ್ಜಿ ಪುರಸ್ಕೃತವಾಗಲಿಲ್ಲ. ಆಲೋಚನೆ ತೀರ ಸರಳವಾಯಿತೆಂದು ಒಬ್ಬ ವಿಮರ್ಶಕರು ಅಭಿಪ್ರಾಯಪಟ್ಟುದನ್ನು ಅಹಮದ್ ಅವರೇ ಮುಂದೆ ನೆನೆದಿದ್ದಾರೆ. ಆದರೂ ಎದೆಗುಂದದೆ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡಗೂಡಿ ಅದನ್ನು ಸಾಧಿಸಿ, 1974ರ ಜನವರಿಯಲ್ಲಿ ‘ಡಿಸ್‌ಕ್ರೀಟ್ ಕೋಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಹೆಸರಿನ ಚಿಕ್ಕ ಪ್ರಬಂಧವಾಗಿ ಪ್ರಕಟಿಸಿದರು.

ಆ ಸರಳತೆಯ ಶಕ್ತಿ ಎಂಥದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಬೆಳಕು ಎಡದಿಂದ ಬಲಕ್ಕೆ ಮೆಲ್ಲನೆ ಏರುವ ಗೋಡೆಯ ತುಣುಕಿನಲ್ಲಿ ಅಕ್ಕಪಕ್ಕದ ಎಂಟು ಬಿಂದುಗಳ ಬೆಳಕು 100, 102, 104, 106, 108, 110, 112, 114 ಎಂದಿರಲಿ. ಈ ಎಂಟು ಸಂಖ್ಯೆಗಳನ್ನು ಕೋಸೈನ್ ಅಲೆಗಳಾಗಿ ಪರಿವರ್ತಿಸಿದರೆ ಬರುವ ಉತ್ತರ ಸುಮಾರಾಗಿ 303, ಋಣ 13, ಸೊನ್ನೆ, ಋಣ 1, ಮುಂದಿನವೆಲ್ಲ ಸೊನ್ನೆ ಅಥವಾ ಸೊನ್ನೆಗೆ ಅತಿ ಸಮೀಪ. ಮೊದಲನೆಯ ಸಂಖ್ಯೆ ತುಣುಕಿನ ಸರಾಸರಿ ಬೆಳಕನ್ನು ಹೇಳುತ್ತದೆ, ಎರಡನೆಯದು ಅದರ ಏರಿಕೆಯನ್ನು ಹೇಳುತ್ತದೆ. ಮಿಕ್ಕವುಗಳಿಗೆ ಹೇಳಲು ಹೆಚ್ಚಿಗೆ ಏನೂ ಇಲ್ಲ. ಆ ಮೊದಲೆರಡನ್ನು ಮಾತ್ರ ಕಳುಹಿಸಿ, ಮಿಕ್ಕ ಆರನ್ನು ಕೈಬಿಟ್ಟು, ಆ ಕಡೆಯಲ್ಲಿ ಮರಳಿ ಬಿಂದುಗಳನ್ನು ಕಟ್ಟಿದರೆ ಯಾವ ಬಿಂದುವೂ ಮೂಲದಿಂದ ಒಂದಂಶದಷ್ಟೂ ದೂರ ಹೋಗುವುದಿಲ್ಲ. ಎಂಟು ಸಂಖ್ಯೆಗಳ ಕೆಲಸವನ್ನು ಎರಡು ಸಂಖ್ಯೆಗಳು ನಿರ್ವಹಿಸಿದವು. ಮೊಬೈಲಿನ ಜೆಪೆಗ್ ಚಿತ್ರದಿಂದ ಹಿಡಿದು ಡಿವಿಡಿ, ಎಚ್.264, ಎಚ್‌ಇವಿಸಿ ಮೊದಲಾದ ವಿಡಿಯೊ ಮಾನಕಗಳವರೆಗೆ ಎಲ್ಲೆಡೆಯೂ ಈ ಪರಿವರ್ತನೆ, ಅಥವಾ ಅದರ ಪೂರ್ಣಾಂಕ ರೂಪ, ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ.

ಕಾಲದ ನೆರೆ, ನೋಟದ ನೆರೆ

ಒಂದು ಫ್ರೇಮಿನೊಳಗಣ ಪುನರುಕ್ತಿಯನ್ನು ಹೀಗೆ ಕಳೆದ ಮೇಲೆ, ಫ್ರೇಮಿನಿಂದ ಫ್ರೇಮಿಗೆ ಇರುವ ಪುನರುಕ್ತಿಯನ್ನು ಕಳೆಯಬೇಕು. ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಲ್ಲಿ ಲೋಕವು ಹೆಚ್ಚು ಬದಲಾಗುವುದಿಲ್ಲ. ಗೋಡೆ ಇದ್ದಲ್ಲಿಯೇ ಇರುತ್ತದೆ, ನಡೆಯುವವನು ನಾಲ್ಕಾರು ಪಿಕ್ಸೆಲ್ ಮುಂದೆ ಬಂದಿರುತ್ತಾನೆ. ಆದುದರಿಂದ ಸಂಕೇತಕವು, ಅಂದರೆ ಸಂಕೋಚನ ಮಾಡುವ ಯಂತ್ರವು, ಚಿತ್ರವನ್ನು ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೂ ಹಿಂದಿನ ಫ್ರೇಮಿನಲ್ಲಿ ಹೋಲಿಕೆಯುಳ್ಳ ಜಾಗವನ್ನು ಹುಡುಕಿ, ‘ಇಲ್ಲಿಂದ ಇಷ್ಟು ಸರಿಸಿಕೊಳ್ಳತಕ್ಕದ್ದು’ ಎಂಬ ಸೂಚನೆಯನ್ನೂ ಉಳಿದ ಅಲ್ಪ ವ್ಯತ್ಯಾಸವನ್ನೂ ಮಾತ್ರ ಕಳುಹಿಸುತ್ತದೆ. ಎಚ್.264 ಮಾನಕವು ಈ ಸರಿಕೆಯನ್ನು ಪಿಕ್ಸೆಲ್ಲಿನ ಕಾಲು ಭಾಗದಷ್ಟು ನಯವಾಗಿ ಅಳೆಯಬಲ್ಲುದು.

ಬಹುನೋಟದ ವಿಡಿಯೊದಲ್ಲಿ ಇದೇ ಉಪಾಯವನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವುದೇ ಮುಖ್ಯವಾದ ಹೊಸತನ. ಚೌಕಕ್ಕೆ ಹೋಲಿಕೆಯನ್ನು ಹಿಂದಿನ ಕ್ಷಣದಲ್ಲಿ ಮಾತ್ರವಲ್ಲದೆ, ಅದೇ ಕ್ಷಣದಲ್ಲಿ ಪಕ್ಕದ ಕ್ಯಾಮೆರಾ ಕಂಡದ್ದರಲ್ಲಿಯೂ ಹುಡುಕಬಹುದು. ಅಲ್ಲಿ ದೊರೆಯುವ ಸರಿಕೆ ಚಲನೆಯದಲ್ಲ, ಪಲ್ಲಟದ್ದು. ಮದುವೆಗೆ ಹೋಗಿಬಂದ ಅಕ್ಕ ತಂಗಿಯರಿಬ್ಬರಲ್ಲಿ ಅಕ್ಕ ಇಡೀ ವೃತ್ತಾಂತವನ್ನು ಹೇಳಿ ಮುಗಿಸಿದ ಮೇಲೆ, ತಂಗಿಯಾದವಳು ‘ಅಕ್ಕ ಹೇಳಿದ ಹಾಗೆಯೇ, ಆದರೆ ನಾನು ಕುಳಿತ ಕಡೆಯಿಂದ ವರನ ತಾಯಿಯೂ ಕಂಡರು’ ಎಂದು ತನಗೆ ಮಾತ್ರ ಕಂಡದ್ದನ್ನು ಸೇರಿಸಿದರೆ ಕೇಳುವವರಿಗೆ ಎರಡು ಕಡೆಯ ನೋಟವೂ ದೊರೆಯುತ್ತದೆ, ಹೊತ್ತೂ ಉಳಿಯುತ್ತದೆ. ಎರಡನೆಯ ಕ್ಯಾಮೆರಾ ಮಾಡುವುದು ಈ ತಂಗಿಯ ಕೆಲಸ.

ಈ ತತ್ತ್ವವನ್ನು ಜಗತ್ತಿಗೆಲ್ಲ ಸಮಾನವಾದ ನಿಯಮವಾಗಿ ಕಟ್ಟಿದ್ದು ಅಂತರರಾಷ್ಟ್ರೀಯ ಮಾನಕ ಮಂಡಲಿಗಳು. 2003ರ ಎಚ್.264 ಮಾನಕಕ್ಕೆ ಬಹುನೋಟದ ಅನುಬಂಧವೊಂದು 2009ರ ವೇಳೆಗೆ ಸೇರಿತು. ಎಂವಿಸಿ ಎಂದು ಕರೆಯುವ ಅದನ್ನೇ ಅದೇ ವರ್ಷದ ಡಿಸೆಂಬರಿನಲ್ಲಿ ಬ್ಲೂರೇ ತ್ರೀಡಿ ತಟ್ಟೆಗಳು ಅಂಗೀಕರಿಸಿದವು. ಎರಡು ಕಣ್ಣುಗಳ ಚಿತ್ರವನ್ನು ಒಂದು ಕಣ್ಣಿನ ಚಿತ್ರದ ಎರಡರಷ್ಟು ಜಾಗದಲ್ಲಲ್ಲ, ಸಾಮಾನ್ಯವಾಗಿ ಒಂದೂವರೆಯಷ್ಟು ಜಾಗದಲ್ಲಿ ಇಡಲು ಅದರಿಂದ ಸಾಧ್ಯವಾಯಿತು. ಇದರಲ್ಲಿ ಮತ್ತೊಂದು ಸೌಜನ್ಯವೂ ಅಡಗಿದೆ: ಮೊದಲ ನೋಟವನ್ನು ಸಾಮಾನ್ಯ ವಿಡಿಯೊದಂತೆಯೇ ಬರೆಯುವುದರಿಂದ, ತ್ರೀಡಿ ಅರಿಯದ ಹಳೆಯ ಯಂತ್ರವೂ ಅದನ್ನು ಮಾತ್ರ ಓದಿಕೊಂಡು ಎಂದಿನ ಚಪ್ಪಟೆ ಚಿತ್ರವನ್ನು ತೋರಿಸುತ್ತದೆ. 2014ರಲ್ಲಿ ಎಚ್‌ಇವಿಸಿ ಮಾನಕಕ್ಕೆ ಸೇರಿದ ಎಂವಿ-ಎಚ್‌ಇವಿಸಿ ವಿಸ್ತರಣೆಯೂ ಇದೇ ದಾರಿಯಲ್ಲಿ ನಡೆದು, ಚೌಕಗಳ ಮಟ್ಟದ ಲೆಕ್ಕಾಚಾರವನ್ನು ಕೊಂಚವೂ ಬದಲಿಸದೆ, ಇದ್ದ ಚಿಪ್ಪುಗಳನ್ನೇ ಬಳಸಿಕೊಳ್ಳಲು ಎಡೆಮಾಡಿತು. ಸುಮಾರು ಒಂದು ದಶಕ ಮೂಲೆಯಲ್ಲಿದ್ದ ಆ ವಿಸ್ತರಣೆಯನ್ನು ಆಪಲ್ ಕಂಪನಿಯು ತನ್ನ ಐಫೋನ್ 15 ಪ್ರೊ ಮತ್ತು ವಿಷನ್ ಪ್ರೊ ಉಪಕರಣಗಳ ತ್ರೀಡಿ ವಿಡಿಯೊಗೆ ಆರಿಸಿಕೊಂಡಿತು. ಈ ಮಾನಕಗಳ ಮೂಲ ರೂಪಗಳನ್ನು ಓದುವ ತಂತ್ರಾಂಶವನ್ನು ಆಂಡ್ರಾಯ್ಡ್‌ಗೆ ಒದಗಿಸಿದ ಇಟ್ಟಿಯಂ ಸಿಸ್ಟಮ್ಸ್ ಬೆಂಗಳೂರಿನ ಕಂಪನಿಯೆಂಬುದು ಇಲ್ಲಿ ನೆನೆಯಲು ಯೋಗ್ಯವಾದ ಮಾತು.

ಪಕ್ಕದ ಕ್ಯಾಮೆರಾದಿಂದ ದೊರೆಯುವ ಉಳಿತಾಯ ನಾವು ಮೊದಲಿಗೆ ಊಹಿಸುವಷ್ಟು ಅಪಾರವಲ್ಲ. ನಿಶ್ಚಲವಾದ ಕ್ಯಾಮೆರಾ ಒಂದು ಕ್ಷಣದ ಹಿಂದೆ ಕಂಡದ್ದು, ಪಕ್ಕದ ಕ್ಯಾಮೆರಾ ಈಗ ಕಾಣುತ್ತಿರುವುದಕ್ಕಿಂತ ಸಾಮಾನ್ಯವಾಗಿ ಅದರ ಈಗಿನ ಚಿತ್ರವನ್ನು ಹೆಚ್ಚು ಹೋಲುತ್ತದೆ. ಆದಕಾರಣ ಕಾಲದ ನೆರೆಯೇ ಪುನರುಕ್ತಿಯ ಬಹುಪಾಲನ್ನು ಮೊದಲೇ ಕಳೆದುಬಿಟ್ಟಿರುತ್ತದೆ. ಮೇಲಾಗಿ, ಕ್ಯಾಮೆರಾಗಳು ಒಂದೇ ಕಾರ್ಖಾನೆಯವಾದರೂ ಅವುಗಳ ಬಣ್ಣದ ಒಲವು ಒಂದಿಷ್ಟು ಬೇರೆಯಾಗಿರುತ್ತದೆ. ಅದನ್ನು ಮೊದಲೇ ತಿದ್ದಿ ಸಮಗೊಳಿಸದಿದ್ದರೆ ಹೋಲಿಕೆಯ ಹುಡುಕಾಟ ದಾರಿತಪ್ಪುತ್ತದೆ. ಎಲ್ಲ ಕ್ಯಾಮೆರಾಗಳೂ ಒಂದೇ ಕ್ಷಣದಲ್ಲಿ ಕಣ್ಣು ತೆರೆಯಬೇಕು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬೀಸುವ ಕೈಯೊಂದು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಎರಡು ಕ್ಯಾಮೆರಾಗಳ ನಡುವೆ ಅಷ್ಟೇ ಕಾಲದ ತಪ್ಪಿದ್ದರೂ ಆ ಚಲನೆಯನ್ನೇ ಪಲ್ಲಟವೆಂದು ಎಣಿಸಿ ಯಂತ್ರವು ಕೈಯನ್ನು ಇಲ್ಲದ ಆಳದಲ್ಲಿ ನಿಲ್ಲಿಸುತ್ತದೆ.

ಆಳವನ್ನೇ ಕಳುಹಿಸುವ ಉಪಾಯ

ನೋಟಗಳ ಸಂಖ್ಯೆ ಬೆಳೆದಂತೆಲ್ಲ ಒಂದೊಂದನ್ನೂ ಕಳುಹಿಸುತ್ತ ಹೋಗುವುದು, ಎಷ್ಟು ಮಿತವ್ಯಯದಿಂದಲಾದರೂ, ದುಬಾರಿಯೇ ಸರಿ. ಆದುದರಿಂದ ವಿದ್ವಾಂಸರು ಇನ್ನೊಂದು ಮಾರ್ಗವನ್ನು ಹಿಡಿದರು: ಎರಡು ಮೂರು ನೋಟಗಳನ್ನು ಮಾತ್ರ ಕಳುಹಿಸಿ, ಒಂದೊಂದರ ಜೊತೆಗೂ ಆಳದ ನಕ್ಷೆಯೊಂದನ್ನು ಸೇರಿಸಿದರೆ, ನಡುವಣ ನೋಟಗಳನ್ನು ಸ್ವೀಕರಿಸುವ ಕಡೆಯ ಯಂತ್ರವೇ ರಚಿಸಿಕೊಳ್ಳಬಲ್ಲುದು. ಆಳದ ನಕ್ಷೆಯೆಂದರೆ ಹತ್ತಿರದ್ದನ್ನು ಬಿಳುಪಾಗಿಯೂ ದೂರದ್ದನ್ನು ಕಪ್ಪಾಗಿಯೂ ಬರೆದ ಚಿತ್ರ. ಇದರಲ್ಲಿ ಬಣ್ಣವಿಲ್ಲ, ನೆರಳಿಲ್ಲ, ಸೀರೆಯ ಅಂಚಿನ ಕುಸುರಿಯಿಲ್ಲ. ವಿಶಾಲವಾದ ಸಮ ಪ್ರದೇಶಗಳೂ ಅವುಗಳನ್ನು ಬೇರ್ಪಡಿಸುವ ತೀಕ್ಷ್ಣವಾದ ಅಂಚುಗಳೂ ಮಾತ್ರ ಇವೆ.

ಸಮ ಪ್ರದೇಶವನ್ನು ಕೋಸೈನ್ ಪರಿವರ್ತನೆ ಅನಾಯಾಸವಾಗಿ ಕಿರಿದುಗೊಳಿಸುತ್ತದೆ. ಅಂಚಿನ ವಿಷಯದಲ್ಲಿ ಅದು ಅಷ್ಟು ದಕ್ಷವಲ್ಲ. ಸಾಮಾನ್ಯ ಚಿತ್ರದಲ್ಲಿ ಅಂಚು ಒಂದಿಷ್ಟು ಮಸುಕಾದರೆ ಕಣ್ಣು ಕ್ಷಮಿಸುತ್ತದೆ; ಆಳದ ನಕ್ಷೆಯಲ್ಲಿ ಅದೇ ಮಸುಕು ಅನರ್ಥಕ್ಕೆ ಕಾರಣವಾಗುತ್ತದೆ, ಏಕೆಂದರೆ ನರ್ತಕಿಯ ಭುಜಕ್ಕೂ ಹಿಂದಣ ಪರದೆಗೂ ನಡುವೆ ಎಲ್ಲಿಯೂ ಇಲ್ಲದ ಆಳವೊಂದು ಹುಟ್ಟಿಕೊಂಡು, ಹೊಸ ನೋಟವನ್ನು ರಚಿಸುವಾಗ ಭುಜದ ಅಂಚು ಗಾಳಿಯಲ್ಲಿ ಚದರಿಹೋಗುತ್ತದೆ. ಈ ದೋಷವನ್ನು ನಿವಾರಿಸಲು 2015ರ ತ್ರೀಡಿ-ಎಚ್‌ಇವಿಸಿ ಮಾನಕವು ಚೌಕವನ್ನು ಒಂದು ನೇರ ಗೆರೆಯಿಂದ ಸೀಳಿ, ಗೆರೆಯ ಆಚೆಗೊಂದು ಆಳ ಈಚೆಗೊಂದು ಆಳವೆಂದು ನೇರವಾಗಿ ಬರೆದಿಡುವ ವಿಶೇಷ ವಿಧಾನವನ್ನು ಕಲ್ಪಿಸಿತು. ಅದಾದ ಮೇಲೆ ಬಂದ ಎಂಪೆಗ್ ಇಮ್ಮರ್ಸಿವ್ ವಿಡಿಯೊ ಮಾನಕವು ಇನ್ನೂ ಮುಂದೆ ಹೋಗಿ, ಮುಖ್ಯವಾದ ಕೆಲವು ನೋಟಗಳನ್ನು ಇಡಿಯಾಗಿ ಇರಿಸಿಕೊಂಡು, ಮಿಕ್ಕ ಕ್ಯಾಮೆರಾಗಳಿಂದ ಬೇರೆಲ್ಲೂ ಕಾಣದ ತುಣುಕುಗಳನ್ನು ಮಾತ್ರ ಕತ್ತರಿಸಿ, ಅವೆಲ್ಲವನ್ನೂ ಒಂದು ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿ ಸಾಮಾನ್ಯ ವಿಡಿಯೊದಂತೆ ಸಂಕೋಚಿಸುತ್ತದೆ. ಕಂಬದ ಮರೆಯಲ್ಲಿದ್ದವನ ಮುಖವನ್ನು ಯಾವ ಕ್ಯಾಮೆರಾ ಕಂಡಿತ್ತೋ ಅದರಿಂದ ಆ ಮುಖವಷ್ಟೇ ಬರುತ್ತದೆ; ಎಲ್ಲರೂ ಕಂಡ ಗೋಡೆ ಮತ್ತೆ ಬರುವುದಿಲ್ಲ.

ಈ ಎಲ್ಲ ಉಪಾಯಗಳ ಮೂಲದಲ್ಲಿ ನನಗೆ ಕಾಣುವ ತತ್ತ್ವ ಒಂದೇ. ಸಂಕೋಚನವನ್ನು ಲೋಭವೆಂದು, ಇದ್ದುದನ್ನು ಹೇಗೋ ಮುರುಟಿಸಿ ತುಂಬುವ ಕೆಲಸವೆಂದು ತಿಳಿಯುವುದು ಸರಿಯಲ್ಲ. ಎಲ್ಲರಿಗೂ ಸಮಾನವಾದುದನ್ನು ಒಂದೇ ಬಾರಿ ಹೇಳಿ, ಒಬ್ಬೊಬ್ಬರಿಗೂ ವಿಶಿಷ್ಟವಾದುದನ್ನು ತಪ್ಪದೆ ಕಾಪಾಡುವ ವಿವೇಕವೇ ಅದರ ಜೀವಾಳ. ಬಹುನೋಟದ ದೃಶ್ಯದಲ್ಲಿ ಈ ವಿವೇಕ ಇನ್ನೂ ಆವಶ್ಯಕ. ಏಕೆಂದರೆ ಇಲ್ಲಿ ಆಳವು ನೆಲೆಸಿರುವುದು ಭೇದದಲ್ಲಿ. ಪಿಕ್ಸೆಲ್ಲಿನ ಮೂರರಲ್ಲೊಂದು ಪಾಲಿನ ವ್ಯತ್ಯಾಸವನ್ನು ಕ್ಷುದ್ರವೆಂದು ಅಳಿಸಿಬಿಟ್ಟರೆ ಉಳಿಯುವುದು ಎರಡು ಪ್ರತಿಗಳ ಒಂದೇ ಚಪ್ಪಟೆ ಚಿತ್ರ.

ಬ್ಯಾಲಾಳುವಿನ ತಟ್ಟೆ

ಭೇದವು ಅನುಭವಕ್ಕಷ್ಟೇ ಅಲ್ಲ, ಅಳತೆಗೂ ಆಧಾರವಾಗುವ ನಿದರ್ಶನಗಳು ಇಸ್ರೊದ ಕಾರ್ಯದಲ್ಲಿಯೇ ದೊರೆಯುತ್ತವೆ. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹವು ಮುಂದಕ್ಕೆ 26 ಡಿಗ್ರಿ ಓರೆಯಾದ ಒಂದು ಕ್ಯಾಮೆರಾವನ್ನೂ ಹಿಂದಕ್ಕೆ 5 ಡಿಗ್ರಿ ಓರೆಯಾದ ಇನ್ನೊಂದನ್ನೂ ಹೊತ್ತು, ಒಂದೇ ನೆಲವನ್ನು ಎರಡು ಕೋನಗಳಿಂದ ಎರಡೂವರೆ ಮೀಟರಿನ ಸ್ಪಷ್ಟತೆಯಲ್ಲಿ ಕಂಡಿತು. ಅದರ ದತ್ತಾಂಶವು ಕೆಳಗಿಳಿಯುವ ಮುನ್ನ ಜೆಪೆಗ್ ಮಾದರಿಯ ಸಂಕೋಚನದಿಂದ 3.2ರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಮೊಬೈಲಿನ ಚಿತ್ರವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಲು ನಾವು ಹಿಂಜರಿಯುವುದಿಲ್ಲ. ಬೆಟ್ಟದ ಎತ್ತರವನ್ನು ಪಲ್ಲಟದಿಂದ ಲೆಕ್ಕ ಹಾಕಬೇಕಾದವರು ಅಷ್ಟು ಧಾರಾಳಿಗಳಾಗಲಾರರು ಎಂಬ ಸಂಯಮವನ್ನು ಆ ಸಣ್ಣ ಅನುಪಾತದಲ್ಲಿ ಓದಬಹುದು.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಭೂರೂಪ ಕ್ಯಾಮೆರಾವು ಚಂದ್ರನ ನೂರು ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಇದಕ್ಕಿಂತ ಒಂದು ನೋಟ ಹೆಚ್ಚಾಗಿಯೇ ಕಂಡಿತು: ಮುಂದಕ್ಕೆ, ನೇರ ಕೆಳಕ್ಕೆ, ಹಿಂದಕ್ಕೆ, ಹೀಗೆ ಮೂರು ಕೋನಗಳಿಂದ ಅದೇ ನೆಲವನ್ನು ಐದು ಮೀಟರಿನ ಸ್ಪಷ್ಟತೆಯಲ್ಲಿ ಹಿಡಿಯಿತು. ಆ ನೋಟಗಳು ಸುಮಾರು 3,84,000 ಕಿಲೋಮೀಟರ್ ದೂರವನ್ನು ದಾಟಿ ಬಂದು ಇಳಿದದ್ದು, ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು ಗ್ರಾಮದಲ್ಲಿ, ಅದೇ ಯಾತ್ರೆಗೆಂದು ನಿಲ್ಲಿಸಿದ 32 ಮೀಟರ್ ವ್ಯಾಸದ ಬೃಹತ್ ಆಂಟೆನಾ ತಟ್ಟೆಯ ಮೇಲೆ. 2023ರಲ್ಲಿ ಪ್ರಜ್ಞಾನ್ ರೋವರ್ ಕಂಡದ್ದು ವಿಕ್ರಮ್ ಲ್ಯಾಂಡರಿಗೆ ತಲುಪಿ, ಅಲ್ಲಿಂದ ಭೂಮಿಗೆ ಬಂದಾಗಲೂ ಕಿವಿಗೊಟ್ಟು ಕುಳಿತಿದ್ದುದು ಈ ಬ್ಯಾಲಾಳುವೇ. ಅಷ್ಟು ದೂರದಿಂದ ಬರುವ ಕ್ಷೀಣವಾದ ಸಂಕೇತದಲ್ಲಿ ಒಂದೊಂದು ಬಿಟ್ಟಿಗೂ ಬೆಲೆಯುಂಟು. ಯಾವುದನ್ನು ಕಳುಹಿಸಬೇಕು, ಯಾವುದನ್ನು ಕೈಬಿಡಬಹುದು ಎಂಬ ನಿರ್ಣಯ ಅಲ್ಲಿ ಯಂತ್ರಕ್ಕೆ ಪ್ರಾಣದಷ್ಟು ಮುಖ್ಯ.

ನಮ್ಮ ಕಲೆಗಳಿಗೆ ಸಲ್ಲಬೇಕಾದ ಋಣ

ಚಂದ್ರನ ನೆಲವನ್ನು ಎಲ್ಲ ಕಡೆಯಿಂದ ನೋಡಿ ಕಾಪಿಡುವ ಈ ಸಾಮರ್ಥ್ಯವು ನಮ್ಮದೇ ನೆಲದ ಮೇಲೆ ನಡೆಯುವ ಕುಣಿತಗಳಿಗೂ ದೊರೆಯಬೇಕೆಂಬುದು ನನ್ನ ಹಂಬಲ. ಮಲೆಯ ಮಹದೇಶ್ವರನ ಗುಡ್ಡರ ಬೀಸು ಕಂಸಾಳೆಯನ್ನು ನೋಡಿದವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳವನ್ನು ಹಿಡಿದು, ದಾರಕ್ಕೆ ಕಟ್ಟಿದ ಇನ್ನೊಂದು ಬಿಲ್ಲೆಯನ್ನು ಬಲಗೈಯಿಂದ ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ಮೊಣಕಾಲ ಕೆಳಗೆ ತಾಳಕ್ಕೆ ತಾಳ ತಾಗಿಸುವ ಕಲಾವಿದನು ಮುಂದೆ ನಿಂತವರಿಗೆ ತನ್ನ ವಿದ್ಯೆಯ ಅರ್ಧವನ್ನೇ ಕಾಣಿಸಿರುತ್ತಾನೆ; ಬೆನ್ನ ಹಿಂದೆ ಬಿಲ್ಲೆ ಬಂದು ತಾಗಿದ ಕ್ಷಣದಲ್ಲಿ ಮಣಿಕಟ್ಟು ಯಾವ ಕಡೆಗೆ ತಿರುಗಿತ್ತು ಎಂಬುದನ್ನು ಎದುರಿನ ಒಂದು ಕ್ಯಾಮೆರಾ ಎಷ್ಟು ಬೆಲೆಬಾಳುವುದಾದರೂ ಹಿಡಿಯಲಾರದು. ಯಕ್ಷಗಾನದ ಗಿರಕಿ, ವೀರಗಾಸೆಯ ಕತ್ತಿವರಸೆ, ವೃತ್ತಾಕಾರವಾಗಿ ಸುತ್ತುವ ಡೊಳ್ಳು ಕುಣಿತ ಇವೆಲ್ಲವೂ ಸುತ್ತಲೂ ನಿಂತ ಊರಿನ ನಡುವೆ ಬೆಳೆದ ಕಲೆಗಳು. ಇವಕ್ಕೆ ಎದುರೆಂಬುದೊಂದೇ ದಿಕ್ಕು ಎಂದೂ ಇರಲಿಲ್ಲ.

ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರದ ಬಳಿ ಜಾನಪದ ಲೋಕ ಸಿಗುತ್ತದೆ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ, ಅಳಿದುಹೋಗುತ್ತಿದ್ದ ಹಾಡು, ಕುಣಿತ, ಸಲಕರಣೆಗಳನ್ನು ಕೂಡಿಹಾಕಿ, ಧ್ವನಿಮುದ್ರಿಕೆ ದೃಶ್ಯಮುದ್ರಿಕೆಗಳಲ್ಲಿ ಹಿಡಿದಿಟ್ಟು ಕಟ್ಟಿದ ಸಂಸ್ಥೆಯದು. ಅವರ ಕಾಲದಲ್ಲಿ ಒಂದು ಕ್ಯಾಮೆರಾ, ಒಂದು ಟೇಪು ದೊರೆತದ್ದೇ ಭಾಗ್ಯವಾಗಿತ್ತು. ಅಷ್ಟರಲ್ಲಿಯೇ ಅವರು ನಾಡಿಗೆ ಇಷ್ಟನ್ನು ಉಳಿಸಿಕೊಟ್ಟರು. ಇಂದು ಎಂಟು ಕ್ಯಾಮೆರಾಗಳನ್ನು ಮೈದಾನದ ಸುತ್ತ ನಿಲ್ಲಿಸುವುದು ಒಂದು ಮಧ್ಯಮ ಗಾತ್ರದ ಮದುವೆಯ ಚಿತ್ರೀಕರಣಕ್ಕಿಂತ ಬಹಳ ಹೆಚ್ಚಿನ ಸಾಹಸವಲ್ಲ. ಹಾಗೆ ಹಿಡಿದುದನ್ನು ಕೂಡಿಡುವ ಹೊರೆಯನ್ನು ಬಹುನೋಟದ ಸಂಕೋಚನವು ಇಳಿಸಿಕೊಟ್ಟಿದೆ. ಅದಕ್ಕೆ ಬೇಕಾದ ಮಾನಕಗಳು ಯಾರು ಬೇಕಾದರೂ ಓದಬಹುದಾದ ಗ್ರಂಥಗಳಾಗಿ ಪ್ರಕಟವಾಗಿವೆ. ಅವುಗಳನ್ನು ಅರಿತು ಬಳಸಬಲ್ಲ ತರುಣ ತರುಣಿಯರು ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುತ್ತಿದ್ದಾರೆ.

ಕೊರತೆಯಿರುವುದು ಇವರನ್ನು ಒಂದುಗೂಡಿಸುವ ಸಂಕಲ್ಪದಲ್ಲಿ. ಕಾಲೇಜೊಂದು ತನ್ನ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು, ಎಲ್ಲಿಂದಲೋ ತಂದ ಮಾದರಿ ವಿಡಿಯೊಗಳ ಮೇಲೆ ನಡೆಸುವುದಕ್ಕೆ ಬದಲಾಗಿ, ಒಬ್ಬ ಹಿರಿಯ ಕಂಸಾಳೆ ಕಲಾವಿದರನ್ನು ಗೌರವದಿಂದ ಕರೆಸಿ, ಅವರಿಗೆ ಸಲ್ಲತಕ್ಕ ಸಂಭಾವನೆಯನ್ನು ಕೊಟ್ಟು, ಅವರ ಒಂದು ಗಂಟೆಯ ಬೀಸನ್ನು ಎಂಟು ಕಡೆಯಿಂದ ಹಿಡಿದು ಸಂಕೋಚಿಸುವುದರ ಮೇಲೆ ನಡೆಸಿದರೆ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ. ವಿದ್ಯಾರ್ಥಿಗೆ ವೇಗವಾದ ಕೈ, ಹೊಳೆಯುವ ಕಂಚು, ಮರೆಯಾಗಿ ಮರಳುವ ಬಿಲ್ಲೆ ಇವುಗಳಂಥ ಕಠಿನವಾದ ಪರೀಕ್ಷೆ ದೊರೆಯುತ್ತದೆ. ಐವತ್ತು ವರ್ಷಗಳ ಮೇಲೆ ಆ ಕುಣಿತವನ್ನು ಕಲಿಯಬೇಕೆನ್ನುವ ಹುಡುಗನಿಗೆ ಗುರುವಿನ ಬೆನ್ನ ಹಿಂದೆ ನಿಂತು ಮಣಿಕಟ್ಟನ್ನು ನೋಡುವ ಅವಕಾಶ ದೊರೆಯುತ್ತದೆ. ಸರಳವೆಂದು ತಳ್ಳಿಹಾಕಲ್ಪಟ್ಟ ಆಲೋಚನೆಯೊಂದು ಜಗತ್ತಿನ ಚಿತ್ರಗಳನ್ನೆಲ್ಲ ಹೊರುವಷ್ಟು ಬೆಳೆದ ವೃತ್ತಾಂತ ನಮ್ಮ ಊರಿನವರದೇ ಆಗಿರುವಾಗ, ಈ ಸರಳವಾದ ಕೆಲಸವನ್ನು ಆರಂಭಿಸಲು ನಾವು ಹೊರಗಿನ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.